ಟಾಕೀಸಿನಿಂದ ಹೊರಬಂದ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಇತ್ತೀಚೆಗೆ ಚಿತ್ರಮಂದಿರಗಳಲ್ಲಿ ತೆರೆಕಂಡ ಚಿತ್ರಗಳ ಬಗ್ಗೆ ಮುಲಾಜಿಲ್ಲದೆ ಅಭಿಪ್ರಾಯ ತಿಳಿಸಬೇಕೆಂದು ಹಲವು ಓದುಗರು ಕೇಳಿದ್ದಾರೆ. ನಾನು ಟಿಕೆಟ್ ಕೊಂಡು, ಪ್ರೇಕ್ಷಕರ ನಡುವೆ ಕುಳಿತು ನೋಡಿದ ಚಿತ್ರಗಳ ಬಗ್ಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ‘ಕಾಂತಾರ: ಚಾಪ್ಟರ್ 1’ ಚಿತ್ರವನ್ನು ನಮ್ಮ ಮನೆಯವರೆಲ್ಲ ಕೊಂಡಾಡುತ್ತಿದ್ದಾರೆ. ನನಗೆ ಮಾತ್ರ ಮೊದಲಿನ ‘ಕಾಂತಾರ’ವೇ ಹೆಚ್ಚು ಹಿಡಿಸಿತ್ತು. ಹಾಗೆಂದರೆ ನನಗೆ ಕನ್ನಡ ಚಿತ್ರಗಳ ಮೇಲೆ ಅಭಿಮಾನವೇ ಇಲ್ಲವೆಂದು ಮಗ ರೇಗುತ್ತಾನೆ. ನೀವೇನು ಹೇಳುತ್ತೀರಿ?
(ನಿವೃತ್ತ ಶಿಕ್ಷಕಿ, ಹಾಸನ)

ಉತ್ತರ: ನಿಮ್ಮ ಪಕ್ಷಕ್ಕೆ ನನ್ನದೂ ಒಂದು ಓಟು ಇರಲಿ, ಮೇಡಂ. 2025ರ ಅಕ್ಟೋಬರ್ 2ರಂದು ಬಿಡುಗಡೆಯಾದ ಈ ಚಿತ್ರದ ಹಿಂದಿರುವ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣದಲ್ಲಿ ಕಾಡಿನ ಕತ್ತಲೆಗೂ ಒಂದು ಮೈಕಟ್ಟು ಬಂದಿದೆ. ಪೇಟೆಯ ನಡುವೆ ರಥ ಹುಚ್ಚೆದ್ದು ಓಡುವ ದೃಶ್ಯದಲ್ಲಿ ನಾನು ಕುರ್ಚಿಯ ತುದಿಗೆ ಬಂದು ಕುಳಿತಿದ್ದೆ. ಕನಕವತಿಯಾಗಿ ರುಕ್ಮಿಣಿ ವಸಂತ್ ಅವರು ಬರಿಯ ರಾಜಕುಮಾರಿಯಾಗಿ ಉಳಿಯದೆ ಕಥೆಯ ಭಾರವನ್ನು ಹೊತ್ತಿದ್ದಾರೆ. ಇಷ್ಟೆಲ್ಲ ಇದ್ದೂ, ಚಿತ್ರ ಮುಗಿಯುವ ಹೊತ್ತಿಗೆ ನಾನು ದಣಿದಿದ್ದೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಕ್ಲೈಮ್ಯಾಕ್ಸಿನಂಥದ್ದೇ ಒಂದು ಆರ್ಭಟ ಬಂದರೆ ನಿಜವಾದ ಕ್ಲೈಮ್ಯಾಕ್ಸ್ ಬಂದಾಗ ಅದನ್ನು ಗುರುತಿಸುವುದಾದರೂ ಹೇಗೆ? ಮೊದಲಾರ್ಧದ ಹಾಸ್ಯವಂತೂ ಆ ಕಾಲಕ್ಕೂ ಸೇರದೆ ಈ ಕಾಲಕ್ಕೂ ಸೇರದೆ ನಡುವೆ ಪರದಾಡಿದೆ.

2022ರ ‘ಕಾಂತಾರ’ದ ಕೊನೆಯನ್ನು ನೆನಪಿಸಿಕೊಳ್ಳಿ. ಹೊಡೆದಾಟವೆಲ್ಲ ಮುಗಿದ ಮೇಲೆ ದೈವವು ಒಂದು ಮಾತನ್ನೂ ಆಡದೆ, ಅಲ್ಲಿಯವರೆಗೆ ಕಿತ್ತಾಡಿಕೊಂಡಿದ್ದ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದೆಡೆ ಸೇರಿಸುತ್ತದೆ. ಅಲ್ಲಿ ಹಾಡಿರಲಿಲ್ಲವೆಂದಲ್ಲ, ಆದರೆ ಆ ಹಾಡು ಕೈಗಳ ಹಿಂದೆ ನಿಂತಿತ್ತು. ಈ ಸಲ ಸಂಗೀತವೇ ಮುಂದೆ ನುಗ್ಗಿ, ನಾನು ಯಾವಾಗ ರೋಮಾಂಚನಗೊಳ್ಳಬೇಕೆಂದು ಆಜ್ಞೆ ಮಾಡುತ್ತಿತ್ತು. ಮಗನಿಗೆ ಇಷ್ಟು ಹೇಳಿ: ಕನ್ನಡದ ಚಿತ್ರವೆಂಬ ಅಭಿಮಾನ ಇರುವುದರಿಂದಲೇ ಅಮ್ಮ ಮೊದಲಿನದನ್ನು ಮರೆತಿಲ್ಲ.

ಪ್ರಶ್ನೆ: ಅದೇ ಚಿತ್ರದ ಪ್ರದರ್ಶನಗಳಲ್ಲಿ ಕೆಲವರು ದೈವ ಮೈಮೇಲೆ ಬಂದವರಂತೆ ಕೂಗಾಡುವುದನ್ನು, ವೇಷ ಹಾಕಿಕೊಂಡು ಬರುವುದನ್ನು ಕಂಡು ನಮ್ಮ ಕಡೆಯವರಿಗೆ ಬೇಸರವಾಗಿದೆ. ಇದಕ್ಕೆ ಚಿತ್ರವೇ ಹೊಣೆಯೆಂದು ಹೇಳಬಹುದೆ?
(ಓದುಗರು, ಬಂಟ್ವಾಳ)

ಉತ್ತರ: ಪೂರ್ತಿ ಹೊಣೆಯೆಂದು ನಾನು ಹೇಳಲಾರೆ. ದೈವಗಳ ಅನುಕರಣೆ ಮಾಡಬೇಡಿರೆಂದು ಚಿತ್ರವನ್ನು ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯೇ ಬಹಿರಂಗವಾಗಿ ಮನವಿ ಮಾಡಿಕೊಂಡಿತ್ತು. ದೈವವನ್ನು ಆರಾಧಿಸುವ ನೇಮವೆಂದರೆ ವ್ರತವಿದೆ, ಕಟ್ಟುಕಟ್ಟಳೆಯಿದೆ, ಅದಕ್ಕೆಂದೇ ಹುಟ್ಟಿಬಂದ ಕುಲಗಳಿವೆ, ಬೆನ್ನಿಗೆ ಅಣಿಯೆಂಬ ಪ್ರಭಾವಳಿ ಕಟ್ಟಿ ಕಾಲಿಗೆ ಗಗ್ಗರ ತೊಡುವ ಹೊತ್ತಿಗೆ ದೈವದ ಕಥೆಯನ್ನು ಹಾಡುವ ಪಾಡ್ದನ ಕೇಳುತ್ತ ನಿದ್ದೆಗೆಟ್ಟು ಕಾಯುವ ಊರಿದೆ. ಇದಾವುದೂ ಇಲ್ಲದ ಹವಾನಿಯಂತ್ರಿತ ಹಾಲಿನಲ್ಲಿ, ಪಕ್ಕದವನು ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿರುವಾಗ ಬರುವ ಆವೇಶವನ್ನು ಏನೆಂದು ಕರೆಯಬೇಕೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ಮಾತು ಹೇಳಬೇಕು. ದೈವದ ಕೂಗನ್ನು ಚಿತ್ರವೊಂದು ಪದೇ ಪದೇ ಶಿಳ್ಳೆಯ ಕ್ಷಣವನ್ನಾಗಿ ಮಾಡಿದಾಗ, ನೋಡುವವನು ಅದನ್ನು ನಾಯಕನ ಡೈಲಾಗಿನಂತೆಯೇ ಮನೆಗೆ ಕೊಂಡೊಯ್ಯುತ್ತಾನೆ.

ಪ್ರಶ್ನೆ: ‘ಸು ಫ್ರಮ್ ಸೋ’ ಚಿತ್ರದಲ್ಲಿ ದೊಡ್ಡ ತಾರೆಯಿಲ್ಲ, ಕಥೆಯೂ ಒಂದು ಸುಳ್ಳು ದೆವ್ವದ ಸುತ್ತ ಸುತ್ತುತ್ತದೆ. ಜನ ಅಷ್ಟೊಂದು ಮುಗಿಬಿದ್ದದ್ದು ಏಕೆ? ನಿಮಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲವೆ?
(ಖಾಸಗಿ ಸಂಸ್ಥೆಯ ಉದ್ಯೋಗಿ, ಬೆಂಗಳೂರು)

ಉತ್ತರ: ನನ್ನೂರು ಬಯಲುಸೀಮೆಯದು. ಕರಾವಳಿಯ ಆಡುಮಾತನ್ನು ಟಿವಿಯಲ್ಲಿ ಕೇಳಿ ಬಲ್ಲವರೇ ಹೊರತು, ಆ ಮಾತಿನ ಏರಿಳಿತಕ್ಕೆ ಒಗ್ಗಿದವರು ಇಲ್ಲಿ ಕಡಿಮೆ. ಹೀಗಿರುವಾಗ 2025ರ ಜುಲೈ 25ರಂದು ಬಿಡುಗಡೆಯಾದ ಈ ಚಿತ್ರವನ್ನು ಮೂರನೆಯ ದಿನ ನೋಡಲು ಹೋದರೆ, ನಮ್ಮ ಟಾಕೀಸಿನ ಬಾಗಿಲಲ್ಲಿ ಹೌಸ್‌ಫುಲ್ ಬೋರ್ಡು ನೇತಾಡುತ್ತಿತ್ತು. ಆ ಬೋರ್ಡಿನ ಮೇಲಿನ ಧೂಳನ್ನು ಒರೆಸುವ ಪ್ರಸಂಗವೇ ಬಹಳ ದಿನಗಳಿಂದ ಬಂದಿರಲಿಲ್ಲವೇನೋ, ಅಕ್ಷರಗಳು ಅರ್ಧ ಮಾಸಿದ್ದವು. ಮರುದಿನ ಬೆಳಗಿನ ಆಟಕ್ಕೆ ಹೋದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದವರು, ಆ ‘ಬಾವ’ನ ಪಾತ್ರ ತೆರೆಗೆ ಬಂದಾಗಲೆಲ್ಲ ಕೈ ಅಲ್ಲಿಯೇ ನಿಲ್ಲಿಸಿ ನಗುತ್ತಿದ್ದರು. ಅವರಿಗೆ ಅರ್ಧ ಮಾತು ತಿಳಿಯಲಿಲ್ಲ, ‘ಏನಂದ?’ ಎಂದು ನನ್ನನ್ನು ಎರಡು ಸಲ ಕೇಳಿದರು. ಆದರೂ ಅಂಥ ಬಾವಂದಿರನ್ನು ಅವರು ತಮ್ಮ ಊರಿನ ಮದುವೆಮನೆಗಳಲ್ಲಿ ಕಂಡಿದ್ದರು.

ಜನ ಮುಗಿಬಿದ್ದುದಕ್ಕೆ ನನಗೆ ತೋಚುವ ಕಾರಣ ಇದೇ. ಜೆ.ಪಿ. ತುಮಿನಾಡ್ ಅವರು ಕಥೆ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ತಾವೇ ಮಾಡಿದ್ದಾರೆ. ಆದರೆ ಇಡೀ ಚಿತ್ರವನ್ನು ಅವರು ತಮ್ಮ ಮೇಲೆ ನಿಲ್ಲಿಸಿಕೊಂಡಿಲ್ಲ, ಊರಿಗೆ ಹಂಚಿದ್ದಾರೆ. ಯಾರ ಮನೆಯಲ್ಲಿ ಏನೇ ಆದರೂ ಮುಂದೆ ನಿಲ್ಲುವ ಮದುವೆಯಾಗದ ರವಿಯಣ್ಣ, ಆ ಪಾತ್ರದಲ್ಲಿ ಶನೀಲ್ ಗೌತಮ್ ಅವರ ಬಿಗುಮಾನ, ಗುರೂಜಿಯಾಗಿ ಬರುವ ರಾಜ್ ಬಿ. ಶೆಟ್ಟಿ, ಎಲ್ಲರಿಗೂ ಅವರವರ ಒಂದು ಗಳಿಗೆ ಸಿಕ್ಕಿದೆ. ನಗು ಬರುವ ಮೊದಲು ಒಂದು ಕ್ಷಣದ ಮೌನವನ್ನು ಬಿಡುವುದು ಇವರಿಗೆ ಗೊತ್ತು. ನಮ್ಮ ಅನೇಕ ಹಾಸ್ಯಚಿತ್ರಗಳಲ್ಲಿ ಆ ಜಾಗವನ್ನು ‘ಟುಯ್ಯ್’ ಎನ್ನುವ ಸದ್ದಿನಿಂದ ತುಂಬಿಬಿಡುತ್ತಾರೆ.

ಕೊರತೆಯ ಮಾತಿಗೆ ಬರುತ್ತೇನೆ, ಅದು ಸಣ್ಣದೇನಲ್ಲ. ಹೆಣ್ಣುಮಗಳೊಬ್ಬಳು ಸ್ನಾನ ಮಾಡುವಲ್ಲಿ ಇಣುಕಲು ಹೋದ ಅಶೋಕ ಸಿಕ್ಕಿಬಿದ್ದದ್ದರಿಂದಲೇ ದೆವ್ವ ಹಿಡಿದ ನಾಟಕ ಶುರುವಾಗುತ್ತದೆ. ದ್ವಿತೀಯಾರ್ಧದಲ್ಲಿ ಚಿತ್ರವು ಭಾನುವೆಂಬ ಹೆಣ್ಣಿನ ಸಂಕಟವನ್ನು ಕೈಗೆತ್ತಿಕೊಂಡು, ಅವಳ ಪರವಾಗಿ ಊರೇ ನಿಲ್ಲಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಅವಳಿಗೆ ನೆರವಾಗುವ ಈ ಹುಡುಗ ತಾನು ಇಣುಕಿದ್ದಕ್ಕೆ ಎಲ್ಲಿಯೂ ಸರಿಯಾಗಿ ಲೆಕ್ಕ ಒಪ್ಪಿಸುವುದಿಲ್ಲ. ಅದು ನಗುವಿನ ಖಾತೆಯಲ್ಲೇ ಜಮೆಯಾಗಿ ಉಳಿಯುತ್ತದೆ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ, ಹಾಗಾಗಿ ಈ ದೂರಿನಲ್ಲಿ ನನ್ನ ಪಾಲೂ ಇದೆ.

ಪ್ರಶ್ನೆ: ‘ಯುಐ’ ನನಗೆ ಅರ್ಥವಾಗಲಿಲ್ಲ. ತಪ್ಪು ನನ್ನದೆ, ಉಪೇಂದ್ರ ಅವರದೆ?
(ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಅರ್ಥವಾಗದಿದ್ದುದು ನಿಮ್ಮ ತಪ್ಪಲ್ಲ. ಅರ್ಥವಾದ ಭಾಗಗಳನ್ನು ಮತ್ತೆ ಮತ್ತೆ ವಿವರಿಸಿದ್ದು ಅವರ ತಪ್ಪು.

ಪ್ರಶ್ನೆ: ‘ಮಿಥ್ಯ’ ಚೆನ್ನಾಗಿದೆಯೆಂದು ಗೆಳತಿ ಹೇಳಿದಳು. ಭಾನುವಾರ ಹೋಗೋಣವೆನ್ನುವಷ್ಟರಲ್ಲಿ ನಮ್ಮೂರಿನಿಂದ ಚಿತ್ರವೇ ಹೋಗಿತ್ತು. ಒಳ್ಳೆಯ ಚಿತ್ರಗಳು ಏಕೆ ನಿಲ್ಲುವುದಿಲ್ಲ?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಶುಕ್ರವಾರ ಬಂದ ಚಿತ್ರದ ಹಣೆಬರಹವನ್ನು ಈಗ ಸೋಮವಾರದೊಳಗೆ ಬರೆದುಬಿಡುತ್ತಾರೆ. ಮೊದಲ ಮೂರು ದಿನಗಳ ಬುಕಿಂಗ್ ನೋಡಿ ಮಲ್ಟಿಪ್ಲೆಕ್ಸಿನವರು ಆಟಗಳನ್ನು ಕಡಿಮೆ ಮಾಡುತ್ತಾರೆ; ಉಳಿದ ಒಂದೆರಡು ಆಟಗಳು ಬೆಳಗ್ಗೆ ಹತ್ತಕ್ಕೋ ಮಧ್ಯಾಹ್ನ ಮೂರಕ್ಕೋ ಬೀಳುತ್ತವೆ; ಆ ಹೊತ್ತಿಗೆ ಕೆಲಸ, ಕಾಲೇಜು ಬಿಟ್ಟು ಯಾರು ಬರುತ್ತಾರೆ? ಜನ ಬರಲಿಲ್ಲವೆಂದು ಅವನ್ನೂ ತೆಗೆಯುತ್ತಾರೆ. ಬಾಯಿಂದ ಬಾಯಿಗೆ ಹರಡಬೇಕಾದ ಚಿತ್ರಕ್ಕೆ, ಬಾಯಿ ತೆರೆಯುವಷ್ಟು ಸಮಯವೂ ಸಿಗುವುದಿಲ್ಲ. ‘ಸು ಫ್ರಮ್ ಸೋ’ ತಂಡದವರು ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟಿಟ್ಟು ಪ್ರದರ್ಶನ ನಡೆಸಿ ಆ ಮಾತನ್ನು ಮೊದಲೇ ಹುಟ್ಟಿಸಿಕೊಂಡದ್ದು ಜಾಣತನ. ಆದರೆ ಅದು ನಗಿಸುವ ಚಿತ್ರಕ್ಕೆ ಒದಗಿದಷ್ಟು ಸುಲಭವಾಗಿ ಅಳುವನ್ನು ಅದುಮಿಕೊಂಡ ಚಿತ್ರಕ್ಕೆ ಒದಗುವುದಿಲ್ಲ.

ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ 2025ರ ಮಾರ್ಚ್ 7ರಂದು ಬಂತು. ನಾನು ನೋಡಿದ ಆಟದಲ್ಲಿ ಒಂಬತ್ತು ಜನರಿದ್ದೆವು. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿ ಕಡೆಯ ಬಂಧುಗಳ ಮನೆಗೆ ಬರುತ್ತಾನೆ. ಅವನ ದುಃಖಕ್ಕೆ ಭಾಷೆಯಿಲ್ಲ, ಊರಿನವರ ಬಾಯಲ್ಲಿ ಮಾತ್ರ ಅವನ ಮನೆಯ ವಿಷಯಕ್ಕೆ ಬೇಕಾದಷ್ಟು ಭಾಷೆಯಿದೆ. ಆತಿಶ್ ಶೆಟ್ಟಿಯೆಂಬ ಬಾಲಕನ ಮುಖದ ಮೇಲೆ ಕ್ಯಾಮೆರಾ ನಿಂತಷ್ಟು ಹೊತ್ತು ಹಾಲಿನಲ್ಲಿ ಯಾರೂ ಮಿಸುಕಲಿಲ್ಲ. ಒಂದು ದೂರು ಇದ್ದರೆ, ನಡುವೆ ಚಿತ್ರ ಹುಡುಗನಷ್ಟೇ ಮುದುಡಿಕೊಂಡು ನಮ್ಮನ್ನು ಹೊರಗೆ ನಿಲ್ಲಿಸುತ್ತದೆ. ಎಲ್ಲಾದರೂ ಮತ್ತೆ ತೆರೆಯ ಮೇಲೆ ಬಂದರೆ ತಪ್ಪಿಸಿಕೊಳ್ಳಬೇಡಿ.

ಪ್ರಶ್ನೆ: ರಂಗಾಯಣ ರಘು ಅವರನ್ನು ಕಂಡರೆ ಚೀರಾಟದ ಹಾಸ್ಯ ನೆನಪಾಗಿ ನಾನು ಅವರ ಚಿತ್ರಗಳಿಂದ ದೂರವಿದ್ದೆ. ‘ಅಜ್ಞಾತವಾಸಿ’ ನೋಡಿ ಬೆರಗಾದೆ. ಈ ಬದಲಾವಣೆ ಹೇಗಾಯಿತು?
(ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ಅವರು ಬದಲಾಗಿಲ್ಲ, ಅವರಿಗೆ ಸಿಕ್ಕ ಪಾತ್ರಗಳು ಬದಲಾಗಿವೆ. ಮೈಸೂರಿನ ರಂಗಾಯಣದಲ್ಲಿ ಪಳಗಿ ಹೆಸರಿನ ಮುಂದೆಯೇ ಅದನ್ನು ಇಟ್ಟುಕೊಂಡ ಈ ನಟನಿಂದ, ವರ್ಷಗಳ ಕಾಲ ಗಾಂಧಿನಗರದ ಚಿತ್ರೋದ್ಯಮವು ಗಂಟಲನ್ನಷ್ಟೇ ಬಾಡಿಗೆಗೆ ಪಡೆಯಿತು. 2024ರ ‘ಶಾಖಾಹಾರಿ’ಯಲ್ಲಿ ಮಲೆನಾಡಿನ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನಾಗಿ ಅವರು ಪೊಲೀಸರ ಎದುರು ನಿಲ್ಲುವ ರೀತಿಯನ್ನು ನೋಡಿ; ಆ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆಂಬುದು ಮಾತಿನಿಂದಲ್ಲ, ಕೈಕೆಲಸದಿಂದ ಗೊತ್ತಾಗುತ್ತದೆ. ಜನಾರ್ದನ್ ಚಿಕ್ಕಣ್ಣ ಅವರ ‘ಅಜ್ಞಾತವಾಸಿ’ಯಲ್ಲಿ ಇಪ್ಪತ್ತೈದು ವರ್ಷ ಒಂದೂ ಅಪರಾಧ ದಾಖಲಾಗದ ಠಾಣೆಯ ಅಧಿಕಾರಿಯಾಗಿ ಅವರು ಇನ್ನೂ ಕಡಿಮೆ ಮಾತಾಡುತ್ತಾರೆ. ಕಥೆಯ ಗಂಟು ಮಾತ್ರ ಮಧ್ಯಂತರಕ್ಕೆ ಮುಂಚೆಯೇ ನನಗೆ ಸಡಿಲವಾಗಿ ಕಂಡಿತು, ಮತ್ತು ಎರಡೆರಡು ಕಾಲಘಟ್ಟಗಳ ನಡುವಿನ ಓಡಾಟ ತುಸು ಹೆಚ್ಚಾಯಿತು. ಇವರಿಗಾಗಿ ಕೊನೆಯವರೆಗೆ ಕುಳಿತೆ.

ಪ್ರಶ್ನೆ: ನಾಲ್ವರು ಮಲ್ಟಿಪ್ಲೆಕ್ಸಿಗೆ ಹೋಗಿಬರುವಷ್ಟರಲ್ಲಿ ತಿಂಗಳ ದಿನಸಿಯ ಅರ್ಧ ಖರ್ಚಾಗುತ್ತದೆ. ಟಿಕೆಟ್ ದರಕ್ಕೆ ಹಾಕಿದ್ದ 200 ರೂಪಾಯಿಯ ಮಿತಿ ಏನಾಯಿತು? ಇಷ್ಟು ದುಡ್ಡು ಕೊಟ್ಟ ಮೇಲೆ ಸಣ್ಣ ಚಿತ್ರಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ.
(ಗೃಹಿಣಿ, ಮೈಸೂರು)

ಉತ್ತರ: ತೆರಿಗೆ ಹೊರತುಪಡಿಸಿ 200 ರೂಪಾಯಿ ಮೀರಬಾರದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ನೀಡಿತು. ಜಿಎಸ್‌ಟಿ ಬದಲಾವಣೆಯಲ್ಲಿ 100 ರೂಪಾಯಿಯವರೆಗಿನ ಟಿಕೆಟ್ಟಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18 ಹಾಗೆಯೇ ಉಳಿಯಿತು. ನೀವು ಹೋಗುವ ಜಾಗದಲ್ಲಿ 100 ರೂಪಾಯಿಯ ಟಿಕೆಟ್ ಎಲ್ಲಿದೆಯೆಂದು ನಾನು ಕೇಳುವುದಿಲ್ಲ.

ನಿಮ್ಮ ಕೊನೆಯ ಮಾತು ನನಗೆ ಬಹಳ ಮುಖ್ಯವೆನಿಸಿತು. ತಲೆಗೆ ನಾನೂರು ಕೊಟ್ಟವರು ‘ಕೊಟ್ಟ ಕಾಸಿಗೆ ಮೋಸವಾಗಬಾರದು’ ಎಂದು ಎಣಿಸುವುದು ಸಹಜ; ಆ ಎಣಿಕೆಯನ್ನು ಬಲ್ಲ ನಿರ್ಮಾಪಕರು ಹೊಡೆದಾಟ, ಹೊಗೆ, ಸದ್ದುಗಳನ್ನು ತೂಕ ಹಾಕಿ ಕೊಡುತ್ತಾರೆ. ಹೀಗೆ ಟಿಕೆಟ್ಟಿನ ಬೆಲೆಯೂ ಚಿತ್ರದ ಸದ್ದೂ ಜೊತೆಜೊತೆಯಾಗಿ ಏರುತ್ತಿವೆ. ನಿಮ್ಮೂರಿನಲ್ಲಿ ಶಾಂತಲಾ, ಸರಸ್ವತಿಯಂಥ ಟಾಕೀಸುಗಳಿದ್ದಾಗ ಸಂಜೆ ಸುಮ್ಮನೆ ಹೊಕ್ಕು ಒಂದು ಸಾಧಾರಣ ಚಿತ್ರವನ್ನು ನೋಡಿ ಬರುವ ಸೌಕರ್ಯವಿತ್ತು. ಈಗ ಸಾಧಾರಣ ಚಿತ್ರವನ್ನು ನೋಡುವುದೇ ದುಬಾರಿ ಶೋಕಿಯಾಗಿದೆ.

ಪ್ರಶ್ನೆ: ಒಂದು ತಿಂಗಳು ತಡೆದರೆ ಓಟಿಟಿಯಲ್ಲಿ ಬರುವ ಚಿತ್ರಕ್ಕೆ ನೀವೇಕೆ ಟಾಕೀಸಿಗೆ ಹೋಗುತ್ತೀರಿ? ಅಲ್ಲಿಯ ಅನುಭವ ನಿಜಕ್ಕೂ ಅಷ್ಟು ಚೆನ್ನಾಗಿರುತ್ತದೆಯೆ?
(ಓದುಗರು, ತುಮಕೂರು)

ಉತ್ತರ: ಪ್ರತಿ ಸಲವೂ ಚೆನ್ನಾಗಿರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಕಳೆದ ಮಳೆಗಾಲದಲ್ಲಿ ಹಳೆಯ ಟಾಕೀಸೊಂದರಲ್ಲಿ ತಾರಾ ನಟರೊಬ್ಬರ ಚಿತ್ರ ನೋಡುತ್ತಿದ್ದೆ. ನಾಯಕನ ಪ್ರವೇಶಕ್ಕೆ ಐದು ನಿಮಿಷ ಮುಂಚೆ ಬಾಲ್ಕನಿಯ ಎಡಬದಿಯ ಸ್ಪೀಕರುಗಳು ಗೊರಗೊರ ಎಂದು ಪೂರ್ತಿ ನಿಂತುಹೋದವು. ಹಿನ್ನೆಲೆ ಸಂಗೀತ ಅರೆಬರೆಯಾಗಿ ಕೇಳುತ್ತಿತ್ತು, ಮಾತುಗಳು ಮಾತ್ರ ತೆರೆಯ ಹಿಂದಿನಿಂದ ಸ್ಪಷ್ಟವಾಗಿ ಬರುತ್ತಿದ್ದವು. ಕಾಲು ಮೊದಲು, ಆಮೇಲೆ ಬೆನ್ನು, ಆಮೇಲೆ ಕನ್ನಡಕ, ಹೀಗೆ ನಾಯಕ ನಿಧಾನಗತಿಯಲ್ಲಿ ಬಂದು ನಿಂತಾಗ, ಆ ಸದ್ದಿನ ಆಸರೆಯಿಲ್ಲದೆ ಆ ನಡಿಗೆ ಯಾರೋ ಬಸ್ಸಿಗೆ ಕಾಯುತ್ತ ಅಡ್ಡಾಡಿದಂತೆ ಕಂಡಿತು. ಮುಂದಿನ ಸಾಲಿನ ಹುಡುಗರು ಹಾರಿಸಲು ಹರಿದಿಟ್ಟುಕೊಂಡಿದ್ದ ಕಾಗದದ ಚೂರುಗಳನ್ನು ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದೇ ಚಿತ್ರದಲ್ಲಿ ಮುಂದೆ, ತಾಯಿಯ ಪಾತ್ರದವರು ಅಡುಗೆಮನೆಯಲ್ಲಿ ಮಗನ ತಟ್ಟೆಗೆ ಎರಡನೆಯ ಸಲ ಅನ್ನ ಬಡಿಸುತ್ತ ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಕೇಳುವ ಪುಟ್ಟ ದೃಶ್ಯವೊಂದಿತ್ತು. ಸ್ಪೀಕರು ಆಗಲೂ ಸರಿಯಾಗಿರಲಿಲ್ಲ. ಅಂಥ ಗದ್ದಲದ ಬಾಲ್ಕನಿಯಲ್ಲಿ ಆಗ ಕೇಳುತ್ತಿದ್ದುದು ಫ್ಯಾನುಗಳ ಸದ್ದು ಮತ್ತು ಸೌಟು ತಟ್ಟೆಗೆ ತಾಕಿದ ಸದ್ದು ಮಾತ್ರ. ಮನೆಯಲ್ಲಿ ನೋಡಿದ್ದರೆ ನಾನು ಆ ಹೊತ್ತಿಗೆ ನೀರು ಕುಡಿಯಲು ಎದ್ದಿರುತ್ತಿದ್ದೆ. ಇಂಟರ್ವಲ್‌ನಲ್ಲಿ ಆಪರೇಟರು ಮೇಲಿನಿಂದ ಇಳಿದು ಬಂದು ಕ್ಷಮೆ ಕೇಳಿ, ದುಡ್ಡು ವಾಪಸು ಬೇಕಾದವರು ಗೇಟಿನಲ್ಲಿ ಪಡೆಯಬಹುದೆಂದರು. ಮೂವರು ಎದ್ದುಹೋದರು, ಉಳಿದವರು ಚಹಾ ಕುಡಿದು ಬಂದು ಮತ್ತೆ ಕುಳಿತೆವು.