ಕೀನ್ಯಾದ ಓಟಗಾರರು ತಯಾರಾಗುವ ಬಗೆ

ಪ್ರಶ್ನೆ: 2025ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಜಾವೆಲಿನ್ ಸ್ಪರ್ಧೆಯಲ್ಲಿ ನೀರಜ್ ಚೋಪ್ರಾ ಅವರ ನಂತರದ ಸ್ಥಾನ ಕೀನ್ಯಾದ ಜೂಲಿಯಸ್ ಯೆಗೊ ಅವರಿಗೆ ಸಿಕ್ಕಿತು. ಓಟದಲ್ಲಂತೂ ಕೀನ್ಯಾದ ಹೆಸರು ಎಲ್ಲರಿಗೂ ಗೊತ್ತು. ಹೆಚ್ಚು ಹಣವಿಲ್ಲದ ಆ ದೇಶ ಒಲಿಂಪಿಕ್ಸ್‌ಗೆ ಕ್ರೀಡಾಪಟುಗಳನ್ನು ಹೇಗೆ ಸಿದ್ಧಪಡಿಸುತ್ತದೆ? ಅದು ಸರ್ಕಾರದ ಯೋಜನೆಯ ಫಲವೇ ಅಥವಾ ಹುಟ್ಟಿನಿಂದ ಬಂದ ಮೈಕಟ್ಟಿನ ಫಲವೇ?
(ಪ್ರೌಢಶಾಲೆಯ ದೈಹಿಕ ಶಿಕ್ಷಕರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ನೀವು ಊಹಿಸಿರುವ ಎರಡು ಕಾರಣಗಳಲ್ಲಿ ಯಾವುದೊಂದೂ ಪೂರ್ತಿ ಉತ್ತರವಾಗಲಾರದು. ಕೀನ್ಯಾದ ಪದಕಗಳಲ್ಲಿ ಬಹುಪಾಲು ಮಧ್ಯಮ ಮತ್ತು ದೂರದ ಓಟಗಳಲ್ಲಿ ಬಂದವು. ಅವನ್ನು ಗೆದ್ದವರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಸೀಮೆಯ ಕಲೆಂಜಿನ್ ಸಮುದಾಯದವರು. ಅಲ್ಲಿಯ ಇಟೆನ್ ಎಂಬ ಪುಟ್ಟ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಂಥ ಕಡೆ ಒಂದೊಂದು ಉಸಿರಿಗೂ ದಕ್ಕುವ ಆಮ್ಲಜನಕ ಕಡಿಮೆಯಾದ್ದರಿಂದ, ದೇಹವು ಹೆಚ್ಚು ಕೆಂಪು ರಕ್ತಕಣಗಳನ್ನು ಉಂಟುಮಾಡಿಕೊಂಡು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಆದರೆ ಎತ್ತರವೊಂದೇ ಸಾಕಾಗಿದ್ದರೆ ಹಿಮಾಲಯದ ಊರೂರಿನಿಂದಲೂ ಚಾಂಪಿಯನ್ನರು ಬರಬೇಕಾಗಿತ್ತು.

ನೀವು ಶಿಕ್ಷಕರಾದ್ದರಿಂದ ಇಟೆನ್‌ನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1976ರಲ್ಲಿ ಐರ್ಲೆಂಡಿನಿಂದ ಭೂಗೋಳ ಕಲಿಸಲು ಬಂದ ಕಾಲಮ್ ಓಕಾನಲ್ ಎಂಬ ಕ್ರೈಸ್ತ ಸನ್ಯಾಸಿಗೆ ಅಥ್ಲೆಟಿಕ್ಸ್ ತರಬೇತಿಯ ಹಿನ್ನೆಲೆಯೇ ಇರಲಿಲ್ಲ. ಮಕ್ಕಳು ಓಡುವುದನ್ನು ನೋಡನೋಡುತ್ತಲೇ ಅವರು ಕಲಿತರು, ಶಾಲಾ ರಜೆಗಳಲ್ಲಿ ಶಿಬಿರ ನಡೆಸಿದರು, ಹುಡುಗಿಯರನ್ನೂ ಕರೆತಂದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಗೆದ್ದ ಪೀಟರ್ ರೊನೊ ಆ ಶಾಲೆಯವರು. 2012ರ ಲಂಡನ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ ಡೇವಿಡ್ ರುಡಿಶಾ ಪಳಗಿದ್ದೂ ಓಕಾನಲ್ ಅವರ ಕೈಯಲ್ಲಿಯೇ. ಒಂದೇ ಊರಿನಲ್ಲಿ ದಶಕಗಟ್ಟಲೆ ನೆಲೆ ನಿಂತ ಒಬ್ಬ ಮೇಷ್ಟರು ಎಷ್ಟು ಮಾಡಬಲ್ಲರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಶಾಲೆಯ ನಂತರದ ಮೆಟ್ಟಿಲು ಕ್ಯಾಂಪು. ಎಲಿಯುಡ್ ಕಿಪ್ಚೊಗೆ 2016 ಮತ್ತು 2021ರಲ್ಲಿ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಕಪ್ಟಗಟ್‌ನ ಕ್ಯಾಂಪಿನಲ್ಲಿ ತಯಾರಾಗಿ. ಅಲ್ಲಿಯ ಗುರು ಪ್ಯಾಟ್ರಿಕ್ ಸಾಂಗ್ 1992ರ ಬಾರ್ಸಿಲೋನಾದಲ್ಲಿ ಸ್ಟೀಪಲ್‌ಚೇಸ್ (ಅಡೆತಡೆಗಳನ್ನು ಹಾರಿ ಓಡುವ ಓಟ) ಬೆಳ್ಳಿ ಗೆದ್ದವರು. ವಾರದ ಬಹುಪಾಲು ದಿನ ಮನೆ ಬಿಟ್ಟು ಕ್ಯಾಂಪಿನಲ್ಲಿಯೇ ಇರುವ ಓಟಗಾರರು ನಸುಕಿನಲ್ಲಿ ಗರಸು ಮಣ್ಣಿನ ರಸ್ತೆಯಲ್ಲಿ ಗುಂಪಾಗಿ ಓಡುತ್ತಾರೆ. ಊಟಕ್ಕೆ ಉಗಾಲಿ, ಎಂದರೆ ನಿಮ್ಮ ಕಡೆ ಯಥೇಚ್ಛವಾಗಿ ಬೆಳೆಯುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಪಾಯಿಖಾನೆ ತೊಳೆಯುವ ಸರದಿಯಿಂದ ಕಿಪ್ಚೊಗೆಯವರಿಗೂ ವಿನಾಯಿತಿ ಇರಲಿಲ್ಲ. ಇಂಥ ಗುಂಪಿನಲ್ಲಿ ಹೊಸಬನೊಬ್ಬ ದಿನವೂ ವಿಶ್ವ ಚಾಂಪಿಯನ್ನರ ಬೆನ್ನ ಹಿಂದೆಯೇ ಓಡುತ್ತಾನೆ. ತಯಾರಿಯ ತಿರುಳು ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಸರ್ಕಾರದ ಪಾಲು ಮುಖ್ಯವಾಗಿ ಉದ್ಯೋಗದ ರೂಪದಲ್ಲಿದೆ. ಪೊಲೀಸ್, ಸೇನೆ, ಕಾರಾಗೃಹ ಇಲಾಖೆಗಳು ಓಟಗಾರರನ್ನು ನೇಮಿಸಿಕೊಂಡು ಸಂಬಳ ಕೊಡುತ್ತವೆ. ರುಡಿಶಾ ಕೂಡ ಪೊಲೀಸ್ ಇಲಾಖೆಯವರೇ. ಆದರೆ ಆಡಳಿತದ ವಿಷಯಕ್ಕೆ ಬಂದರೆ ಮನಸ್ಸಿಗೆ ನೋವಾಗುತ್ತದೆ. ಜಾವೆಲಿನ್ ಎಸೆತಕ್ಕೆ ಹೇಳಿಕೊಡುವವರಿಲ್ಲದೆ ಯೂಟ್ಯೂಬ್ ನೋಡಿ ಕಲಿತ ಯೆಗೊ 2015ರಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದರು. ಮರುವರ್ಷ ರಿಯೊ ಒಲಿಂಪಿಕ್ಸ್‌ಗೆ ಹೊರಟು ವಿಮಾನ ನಿಲ್ದಾಣಕ್ಕೆ ಬಂದಾಗ ಅವರ ಹೆಸರಿನಲ್ಲಿ ಟಿಕೆಟ್ಟೇ ಇರಲಿಲ್ಲ! ಅಂಥ ಅಪಮಾನವನ್ನು ನುಂಗಿಕೊಂಡು ಹೋದ ಅವರು ಬೆಳ್ಳಿ ಪದಕದೊಂದಿಗೆ ಮರಳಿದರು. ಅದೇ ಕೂಟಕ್ಕೆ ಕಳುಹಿಸಿದ್ದ ಕ್ರೀಡಾ ಉಡುಪುಗಳು ಆಟಗಾರರ ಕೈ ಸೇರಲಿಲ್ಲವೆಂಬ ದೂರು ತನಿಖೆಯವರೆಗೂ ಹೋಯಿತು.

ಪ್ರಶ್ನೆ: ಕೀನ್ಯಾದ ಓಟಗಾರರು ನಿಷೇಧಿತ ಮದ್ದು ಸೇವಿಸಿ ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತದೆ. ಇದು ನಿಜವೇ?
(ಓದುಗರೊಬ್ಬರು, ಮೈಸೂರು)

ಉತ್ತರ: ನಿಜ. 2016ರಲ್ಲಿ ಅಲ್ಲಿ ಉದ್ದೀಪನ ಮದ್ದು ತಡೆಯಲೆಂದೇ ಸಂಸ್ಥೆಯೊಂದು ಸ್ಥಾಪನೆಯಾದರೂ ಪಿಡುಗು ನಿಂತಿಲ್ಲ. 2024ರಲ್ಲಿ ಷಿಕಾಗೊದಲ್ಲಿ 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಓಡಿ ಮಹಿಳಾ ಮ್ಯಾರಥಾನ್ ವಿಶ್ವದಾಖಲೆ ಬರೆದ ರೂತ್ ಚೆಪ್ಂಗೆಟಿಚ್ ಅವರಿಗೆ ಮರುವರ್ಷ ಮೂರು ವರ್ಷಗಳ ನಿಷೇಧವಾಯಿತು. ವಿದೇಶದ ಒಂದೇ ಒಂದು ರಸ್ತೆ ಓಟದ ಬಹುಮಾನದಿಂದ ಇಡೀ ಕುಟುಂಬಕ್ಕೆ ಜಮೀನು ಮನೆ ಆಗಬಹುದಾದ ಸೀಮೆಯಲ್ಲಿ ಮದ್ದಿನ ಆಸೆ ಬಲವಾಗಿರುತ್ತದೆ. ಅದು ತಪ್ಪಿಗೆ ಸಮರ್ಥನೆಯಲ್ಲ. ಅದರಿಂದ ಹೆಚ್ಚು ನೋಯುವವರು, ಏನೂ ತಪ್ಪು ಮಾಡದೆ ಅದೇ ರಸ್ತೆಯಲ್ಲಿ ಓಡುತ್ತಿದ್ದರೂ ಎಲ್ಲರ ಸಂಶಯಕ್ಕೆ ಗುರಿಯಾಗುವ ನೂರಾರು ಹುಡುಗ ಹುಡುಗಿಯರು.