ಡಿವ್ ಮೇಲೆ ಡೇಟಾ-ಥೀಮ್ ಹಾಕಿದರೂ ಬಣ್ಣ ಬದಲಾಗುವುದಿಲ್ಲ ಯಾಕೆ?

ಟೈಲ್‌ವಿಂಡ್ (ವೆಬ್ ಪುಟಗಳಿಗೆ ಬಣ್ಣ, ಅಳತೆ ಕೊಡುವ ಸಿಎಸ್‌ಎಸ್ ಸಾಧನ) ಥೀಮ್ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ನಾಲ್ಕೈದು. ಉತ್ತರ ಕೊಟ್ಟಷ್ಟೂ ಮತ್ತೆ ಅವೇ ಬರುತ್ತಿವೆ. ಹಾಗಾಗಿ ಈ ಬಾರಿ ಒಂದಕ್ಕೆ ಪೂರ್ತಿಯಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. ಇನ್‌ಸ್ಟಾಲ್ ಮಾಡುವ ಕ್ರಮ ಇಲ್ಲಿ ಇಲ್ಲ. ಹೇಳಿದ್ದೆಲ್ಲ 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಗೆ ಅನ್ವಯ.

ಪ್ರಶ್ನೆ: ಮಲ್ಪೆಯ ಹೋಂಸ್ಟೇ, ಮಂಗಳೂರಿನ ಲಾಡ್ಜ್, ಎರಡರ ವೆಬ್‌ಸೈಟಿಗೂ ಒಂದೇ ಕೋಡ್ ಉಂಟು. ‘@ಥೀಮ್’ ಒಳಗೆ ‘ಕಲರ್-ಸರ್ಫೇಸ್’ಗೆ ‘ವಾರ್(ಸರ್ಫೇಸ್)’ ಅಂತ ಕೊಟ್ಟಿದ್ದೇನೆ. ಎಚ್‌ಟಿಎಂಎಲ್ ಟ್ಯಾಗ್ ಮೇಲೆ ಡೇಟಾ-ಥೀಮ್ (ಯಾವ ಥೀಮ್ ಎಂದು ಹೇಳುವ ಗುರುತು) ಡಾರ್ಕ್ ಹಾಕಿದರೆ ಎಲ್ಲ ಸರಿ. ಕೆಳಗಿನ ಒಂದು ಡಿವ್ (ಪುಟದ ಒಂದು ಭಾಗ) ಮೇಲೆ ಮಾತ್ರ ಹಾಕಿದರೆ ಏನೂ ಆಗುವುದಿಲ್ಲ. ಇಂಪಾರ್ಟೆಂಟ್ ಹಾಕಿಯೂ ನೋಡಿದೆ ಸರ್, ಎಂತ ಮಾಡುವುದು?

ಉತ್ತರ: ಮೊದಲು ಆ ಇಂಪಾರ್ಟೆಂಟ್ ತೆಗೆಯಿರಿ ಮಾರಾಯ್ರೆ. ಯಾವ ರೂಲ್ ಗೆಲ್ಲಬೇಕು ಎಂಬ ಪೈಪೋಟಿಯೇ ಇಲ್ಲಿ ಇಲ್ಲ, ಅದು ಏನನ್ನು ಗೆಲ್ಲಿಸಬೇಕು?

‘@ಥೀಮ್’ (ಟೈಲ್‌ವಿಂಡ್‌ಗೆ ನಿಮ್ಮ ಬಣ್ಣ, ಅಳತೆ ಹೇಳುವ ಭಾಗ) ಒಳಗಿನ ವೇರಿಯೇಬಲ್‌ಗಳು ಪುಟದ ರೂಟ್‌ನಲ್ಲಿ, ಅಂದರೆ ಎಚ್‌ಟಿಎಂಎಲ್ ಟ್ಯಾಗ್ ಮೇಲೆ ಹೋಗಿ ಕೂರುತ್ತವೆ. ನೀವು ಬರೆದ ‘ವಾರ್(ಸರ್ಫೇಸ್)’, ಅಂದರೆ ಸರ್ಫೇಸ್ ಎಂಬ ವೇರಿಯೇಬಲ್‌ನ ಬೆಲೆ, ಅದನ್ನು ಬ್ರೌಸರ್ ಅಲ್ಲೇ ಬಿಡಿಸುತ್ತದೆ. ರೂಟ್‌ನಲ್ಲಿ ಸರ್ಫೇಸ್ ಬಿಳಿ ಇದ್ದರೆ ‘ಕಲರ್-ಸರ್ಫೇಸ್’ ಕೂಡ ಬಿಳಿ ಎಂದು ಅಲ್ಲೇ ತೀರ್ಮಾನವಾಗಿ, ಆ ಬಿಳಿಯೇ ಕೆಳಗಿನ ಎಲ್ಲ ಡಿವ್‌ಗಳಿಗೆ ಇಳಿಯುತ್ತದೆ. ಒಳಗಿನ ಡಿವ್‌ನಲ್ಲಿ ನೀವು ಬದಲಾಯಿಸಿದ್ದು ‘ಸರ್ಫೇಸ್’. ‘ಬಿಜಿ-ಸರ್ಫೇಸ್’ ಕ್ಲಾಸ್ ಓದುವುದು ‘ಕಲರ್-ಸರ್ಫೇಸ್’. ಎಚ್‌ಟಿಎಂಎಲ್ ಟ್ಯಾಗ್ ಮೇಲೆ ಹಾಕಿದಾಗ ಎರಡೂ ಒಂದೇ ಕಡೆ ಇರುತ್ತವೆ, ಅದಕ್ಕೇ ಸರಿಯಾಗಿ ಕಾಣುತ್ತದೆ.

‘@ಥೀಮ್’ ಎಂದಿರುವುದನ್ನು ‘@ಥೀಮ್ ಇನ್‌ಲೈನ್’ ಮಾಡಿ. ಆಗ ‘ಬಿಜಿ-ಸರ್ಫೇಸ್’ ಕ್ಲಾಸಿನ ಒಳಗೆ ನೇರವಾಗಿ ‘ವಾರ್(ಸರ್ಫೇಸ್)’ ಬರುತ್ತದೆ, ಆ ಕ್ಲಾಸ್ ಎಲ್ಲಿ ಉಂಟೋ ಅಲ್ಲೇ ಅದು ಬಿಡಿಸಿಕೊಳ್ಳುತ್ತದೆ. ಬಿಳಿ, ಕಪ್ಪು ಬಣ್ಣಗಳನ್ನು ‘@ಥೀಮ್’ ಹೊರಗೆ ಬರೆಯಬೇಕು: ಒಂದು ಸಲ ರೂಟ್‌ನಲ್ಲಿ, ಇನ್ನೊಂದು ಸಲ ಡೇಟಾ-ಥೀಮ್ ಡಾರ್ಕ್ ಸೆಲೆಕ್ಟರ್‌ನಲ್ಲಿ. ‘@ಥೀಮ್’ ಅನ್ನೇ ಆ ಸೆಲೆಕ್ಟರ್ ಒಳಗೋ ಮೀಡಿಯಾ ಕ್ವೆರಿ (ಪರದೆಗೆ ತಕ್ಕಂತೆ ನಡೆಯುವ ಷರತ್ತು) ಒಳಗೋ ತುರುಕುವವರು ಬಹಳ ಮಂದಿ. ಅದು ಫೈಲಿನ ಮೇಲ್ಮಟ್ಟದಲ್ಲೇ ಇರಬೇಕು.

ಇನ್‌ಲೈನ್ ಬೇಡ ಎಂದಾದರೆ ‘ಕಲರ್-ಸರ್ಫೇಸ್’ಗೆ ನೇರ ಬಣ್ಣ ಕೊಟ್ಟು, ಡಾರ್ಕ್ ಸೆಲೆಕ್ಟರ್‌ನಲ್ಲಿ ಅದೇ ‘ಕಲರ್-ಸರ್ಫೇಸ್’ ಅನ್ನು ಮತ್ತೆ ಬರೆಯಿರಿ. ಸಣ್ಣ ಸೈಟಿಗೆ ಅಷ್ಟು ಸಾಕು. ಎರಡು ಕ್ರಮಗಳನ್ನು ಬೆರೆಸಬೇಡಿ. ಇನ್‌ಲೈನ್ ಮಾಡಿದ ಮೇಲೆ ‘ಕಲರ್-ಸರ್ಫೇಸ್’ ಬದಲಾಯಿಸಿದರೆ ಕ್ಲಾಸಿಗೆ ಅದು ಗೊತ್ತೇ ಆಗುವುದಿಲ್ಲ.

ಇಷ್ಟಾದ ಮೇಲೆ ನೀವು ಮತ್ತೆ ಪತ್ರ ಬರೆಯುವುದು ಖಂಡಿತ: ಹಿನ್ನೆಲೆ ಕಪ್ಪಾಯಿತು, ಅಕ್ಷರ ಕಪ್ಪಾಗಿಯೇ ಉಳಿಯಿತು ಎಂದು. ‘ಟೆಕ್ಸ್ಟ್-ಇಂಕ್’ ಕ್ಲಾಸನ್ನು ಬಾಡಿ ಮೇಲೆ ಮಾತ್ರ ಹಾಕಿರುತ್ತೀರಿ. ಅಕ್ಷರದ ಬಣ್ಣ ಬಾಡಿಯಲ್ಲಿ ಲೆಕ್ಕವಾಗಿ, ಸಿದ್ಧ ಬಣ್ಣವಾಗಿಯೇ ಕೆಳಗೆ ಇಳಿಯುತ್ತದೆ. ಡೇಟಾ-ಥೀಮ್ ಇರುವ ಪ್ರತಿ ಡಿವ್ ಮೇಲೂ ‘ಬಿಜಿ-ಸರ್ಫೇಸ್’, ‘ಟೆಕ್ಸ್ಟ್-ಇಂಕ್’ ಎರಡನ್ನೂ ಮತ್ತೆ ಹಾಕಬೇಕು. ಜೊತೆಗೆ ಡಾರ್ಕ್ ಸೆಲೆಕ್ಟರ್‌ನಲ್ಲಿ ‘ಕಲರ್-ಸ್ಕೀಮ್’ ಡಾರ್ಕ್ ಎಂದೂ ಬರೆಯಿರಿ. ಇಲ್ಲವಾದರೆ ಬುಕಿಂಗ್ ಫಾರ್ಮಿನ ದಿನಾಂಕದ ಪೆಟ್ಟಿಗೆ, ಸ್ಕ್ರೋಲ್‌ಬಾರ್ ಬೆಳ್ಳಗೇ ಉಳಿಯುತ್ತವೆ.

ಎರಡು ಬ್ರ್ಯಾಂಡ್ ಇರುವುದರಿಂದ ಟೋಕನ್‌ಗಳನ್ನು (ಬಣ್ಣ, ಅಳತೆಗಳಿಗೆ ಇಟ್ಟ ಹೆಸರುಗಳನ್ನು) ಎರಡು ಪದರ ಮಾಡಿ. ಕೆಳಗಿನ ಪದರದಲ್ಲಿ ಬರೀ ಬಣ್ಣಗಳು: ಲಾಡ್ಜಿಗೆ ಮುರಕಲ್ಲಿನ ಕೆಂಪು ‘ಮುರ-600’, ಹೋಂಸ್ಟೇಗೆ ‘ಕಡಲು-700’. ಮೇಲಿನ ಪದರದಲ್ಲಿ ಕೆಲಸದ ಹೆಸರುಗಳು: ಸರ್ಫೇಸ್, ಇಂಕ್, ಇಂಕ್-ಮ್ಯೂಟೆಡ್, ಬಾರ್ಡರ್, ಆಕ್ಷನ್, ಆನ್-ಆಕ್ಷನ್, ಡೇಂಜರ್, ಫೋಕಸ್. ಎಂಟರಿಂದ ಹನ್ನೆರಡರ ಒಳಗೆ ಮುಗಿಯಬೇಕು. ಪುಟಗಳಲ್ಲಿ ಮೇಲಿನ ಪದರದ ಹೆಸರು ಮಾತ್ರ ಕಾಣಬೇಕು. ‘ಬಿಜಿ-ಮುರ-600’ ಎಂದು ನೂರು ಕಡೆ ಬರೆದಿಟ್ಟರೆ ಎರಡನೇ ಬ್ರ್ಯಾಂಡಿನ ದಿನ ನೂರು ಕಡೆ ತಿದ್ದಬೇಕು. ತಂಡದವರು ಹಳೆಯ ಅಭ್ಯಾಸದಿಂದ ‘ಬಿಜಿ-ರೆಡ್-500’ ಹಾಕದಂತೆ ‘ಕಲರ್-*’ಗೆ ‘ಇನಿಶಿಯಲ್’ ಕೊಟ್ಟು ಮೂಲ ಬಣ್ಣಗಳನ್ನೆಲ್ಲ ತೆಗೆದುಬಿಡಿ. ಅದರಲ್ಲಿ ಬಿಳಿ, ಕಪ್ಪು ಕೂಡ ಹೋಗುತ್ತವೆ, ಬೇಕಿದ್ದರೆ ಮತ್ತೆ ಸೇರಿಸಿ.

ಆಕ್ಷನ್ ಮತ್ತು ಆನ್-ಆಕ್ಷನ್ ಜೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅಂತರ) 4.5:1 ಬೇಕು, ದೊಡ್ಡ ಅಕ್ಷರಕ್ಕೆ 3:1. ‘ಆರೆಂಜ್-500’ ಬಟನ್ ಮೇಲೆ ಬಿಳಿ ಅಕ್ಷರ 3ನ್ನೂ ಮುಟ್ಟುವುದಿಲ್ಲ. ಮಲ್ಪೆ ಕಡಪುರದ ಮಧ್ಯಾಹ್ನದ ಬಿಸಿಲಿನಲ್ಲಿ ಫೋನ್ ಹಿಡಿದ ಪ್ರವಾಸಿಗೆ ಆ ಬಟನ್ ಓದಲು ಬಾರದು. ಗಿರಾಕಿ ಎಷ್ಟೇ ಒತ್ತಾಯ ಮಾಡಲಿ, ಇದರಲ್ಲಿ ನೀವು ಬಗ್ಗಬಾರದು.

ಪ್ರಶ್ನೆ: ಕನ್ನಡದ ದೊಡ್ಡ ಶೀರ್ಷಿಕೆಯಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಫಾಂಟ್ ಹಾಳಾಗಿದೆಯಾ? (ಉಡುಪಿಯಿಂದ)

ಉತ್ತರ: ಫಾಂಟ್ ಚೆನ್ನಾಗಿಯೇ ಉಂಟು. ‘ಟೆಕ್ಸ್ಟ್-5ಎಕ್ಸ್‌ಎಲ್’ ಮತ್ತು ಅದಕ್ಕಿಂತ ದೊಡ್ಡದಕ್ಕೆ ಟೈಲ್‌ವಿಂಡ್ ಕೊಡುವ ಸಾಲಿನ ಎತ್ತರ 1. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳ ಒತ್ತು ಕೆಳಗೆ ಇಳಿಯುತ್ತದೆ, ಕೆಳಸಾಲಿನ ಗುಣಿಸು ಮೇಲೆ ಏರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ‘ಟೆಕ್ಸ್ಟ್-5ಎಕ್ಸ್‌ಎಲ್--ಲೈನ್-ಹೈಟ್’ ಟೋಕನನ್ನು 1.35 ಮಾಡಿ, ‘ಟೆಕ್ಸ್ಟ್-ಬೇಸ್’ನದ್ದನ್ನು 1.5ರಿಂದ 1.75ಕ್ಕೆ ಏರಿಸಿ. ನೋಟೊ ಸಾನ್ಸ್ ಕನ್ನಡ ಹಾಕಿ ನೋಡಿ, ಬೇರೆ ಫಾಂಟ್ ಆದರೆ ಈ ಅಂಕಿಗಳನ್ನು ಸ್ವಲ್ಪ ಹೊಂದಿಸಬೇಕಾದೀತು. ಅಕ್ಷರಗಳನ್ನು ಹತ್ತಿರ ತರುವ ‘ಟ್ರ್ಯಾಕಿಂಗ್-ಟೈಟ್’ ಕನ್ನಡಕ್ಕೆ ಬೇಡವೇ ಬೇಡ.

ಪ್ರಶ್ನೆ: ಕ್ಲಾಸ್ ಹೆಸರನ್ನು ‘ಬಿಜಿ-’ ಮತ್ತು ಡೇಟಾಬೇಸಿನ ಬಣ್ಣ ಜೋಡಿಸಿ ಮಾಡಿದರೆ ಕೆಲಸ ಮಾಡುವುದಿಲ್ಲವಲ್ಲ?

ಉತ್ತರ: ಮಾಡುವುದಿಲ್ಲ, ಮುಂದೆಯೂ ಮಾಡುವುದಿಲ್ಲ. ಟೈಲ್‌ವಿಂಡ್ ನಿಮ್ಮ ಫೈಲನ್ನು ಬರೀ ಪಠ್ಯವಾಗಿ ಓದುತ್ತದೆ, ಪೂರ್ತಿ ಹೆಸರು ಅದರಲ್ಲಿ ಇರಬೇಕು. ಪೂರ್ತಿ ಹೆಸರುಗಳ ಪಟ್ಟಿ ಮಾಡಿ, ಅದರಿಂದ ಆರಿಸಿ.

ಪ್ರಶ್ನೆ: ಬ್ರೇಕ್‌ಪಾಯಿಂಟ್‌ಗೂ (ವಿನ್ಯಾಸ ಬದಲಾಗುವ ಪರದೆಯ ಅಗಲ) ‘ವಾರ್’ ಕೊಡಬಹುದಾ?

ಉತ್ತರ: ಇಲ್ಲ, ಮೀಡಿಯಾ ಕ್ವೆರಿಯಲ್ಲಿ ‘ವಾರ್’ ನಡೆಯುವುದಿಲ್ಲ. ರೆಮ್‌ನಲ್ಲೇ (ಅಕ್ಷರ ಗಾತ್ರ ಆಧರಿಸಿದ ಅಳತೆ) ಅಂಕಿ ಬರೆಯಿರಿ, ಪಿಕ್ಸೆಲ್ ಬೆರೆಸಿದರೆ ಅವುಗಳ ಕ್ರಮ ತಪ್ಪುತ್ತದೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಇನ್ನೂರು ಬಣ್ಣಗಳ ರೆಡಿಮೇಡ್ ಥೀಮ್ ಪ್ಯಾಕ್ ಮಾರುತ್ತಿದ್ದಾರೆ, ಕೊಳ್ಳಬಹುದಾ?

ಉತ್ತರ: ದುಡ್ಡು ಕೊಡಬೇಡಿ. ಇಂಥ ಪ್ಯಾಕ್‌ಗಳಲ್ಲಿ 3ನೇ ಆವೃತ್ತಿಯ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಹೊಸ ಹೆಸರಿನಲ್ಲಿ ಮಾರುವವರಿದ್ದಾರೆ. 4ರಲ್ಲಿ ‘@ಕಾನ್ಫಿಗ್’ ಎಂದು ಕರೆಯದಿದ್ದರೆ ಅದನ್ನು ಯಾರೂ ಓದುವುದೇ ಇಲ್ಲ. ಇನ್ನೂರು ಬಣ್ಣಗಳಲ್ಲಿ ಯಾವುದಕ್ಕೆ ಯಾವ ಕೆಲಸ ಎಂದು ಆ ಮಾರುವವರು ನಿಮಗೆ ಹೇಳಿಕೊಡುವುದಿಲ್ಲ.

ಪ್ರಶ್ನೆ: ನಮ್ಮ ಗ್ರಾಹಕರದ್ದು ಹೆಚ್ಚಿನದು ಹಳೆಯ ಫೋನ್. 4ಕ್ಕೆ ಹೋಗಬಹುದಾ? (ಸುರತ್ಕಲ್‌ನಿಂದ)

ಉತ್ತರ: ಸಫಾರಿ 16.4, ಕ್ರೋಮ್ 111, ಫೈರ್‌ಫಾಕ್ಸ್ 128, ಇದಕ್ಕಿಂತ ಹಳೆಯದರಲ್ಲಿ 4ನೇ ಆವೃತ್ತಿ ಸರಿಯಾಗಿ ನಡೆಯುವುದಿಲ್ಲ. ಸೈಟಿಗೆ ಬರುವವರ ಬ್ರೌಸರ್ ಲೆಕ್ಕ ತೆಗೆದು ನೋಡುವವರೆಗೆ 3.4ರಲ್ಲೇ ಇರಿ. ಅಲ್ಲಿಯೂ ಎರಡು ಪದರದ ಟೋಕನ್ ಮಾಡಬಹುದು: ಕಾನ್ಫಿಗ್‌ನಲ್ಲಿ ಬಣ್ಣದ ಜಾಗಕ್ಕೆ ‘ವಾರ್(ಸರ್ಫೇಸ್)’ ಬರೆದರೆ ಅದು ಕ್ಲಾಸಿನೊಳಗೆ ನೇರವಾಗಿಯೇ ಬರುತ್ತದೆ.