ಕರಗುವ ಪ್ಲಗ್ ಇಟ್ಟರೆ ಭಗಂದರ ವಾಸಿಯಾದೀತೇ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ 58 ವರ್ಷ. ಗುದದ್ವಾರದ ಪಕ್ಕ ಕುರು ಎದ್ದು ಒಡೆದ ಮೇಲೆ ಕೀವು ಸೋರುವುದು ನಿಂತೇ ಇಲ್ಲ. ಫಿಸ್ಟುಲಾ, ಅಂದರೆ ಭಗಂದರ ಅಂದಿದ್ದಾರೆ. ಕೊಯ್ದು ತೆರೆದರೆ ಮಲದ ಹಿಡಿತ ತಪ್ಪಬಹುದು, ಕೀವಿನ ದಾರಿ ಮುಚ್ಚಲು ಕರಗುವ ಪ್ಲಗ್ (ಬಿರಡೆ) ಇಡೋಣ ಎನ್ನುತ್ತಾರೆ. ಸೋಂಕುನಾಶಕ ಸೇರಿಸಿದ ಪ್ಲಗ್ ಇನ್ನೂ ಒಳ್ಳೆಯದೇ? ಆಮೇಲೆ ಅದನ್ನು ತೆಗೆಸಬೇಕೇ?

ಉತ್ತರ: ತೆಗೆಸಬೇಕಿಲ್ಲ. ಹಂದಿಯ ಸಣ್ಣಕರುಳಿನ ಪದರದಿಂದ ಮಾಡಿದ ಕೊಲಾಜೆನ್ ಪ್ಲಗ್ಗನ್ನು ದೇಹದ ಕಿಣ್ವಗಳೇ ಒಡೆದುಹಾಕುತ್ತವೆ. (ಹಂದಿಯದ್ದು ಬೇಡವೆನ್ನುವವರಿರುತ್ತಾರೆ. ಇದನ್ನು ರೋಗಿಗೆ ಮೊದಲೇ ಹೇಳಲೇಬೇಕು.) ಪಾಲಿಗ್ಲೈಕಾಲಿಕ್ ಆಮ್ಲದಿಂದ ತಯಾರಾದ ಕೃತಕ ಪ್ಲಗ್ ನೀರಿನಂಶ ತಾಗಿ ಕೆಲವು ತಿಂಗಳಲ್ಲಿ ಕರಗುತ್ತದೆ. ಎರಡೂ ಬಳ್ಳಿಗೆ ಹಾಕಿದ ಹಂದರದಂತೆ: ಹಂದರ ಬೀಳುವುದರೊಳಗೆ ಹೊಸ ಜೀವಕೋಶಗಳೂ ಸಣ್ಣ ರಕ್ತನಾಳಗಳೂ ಅದರ ಮೇಲೆ ಹಬ್ಬಿಕೊಂಡಿರಬೇಕು.

ಅವು ಹಬ್ಬಬೇಕಾದ ಜಾಗವೇ ಕೊಳಕು. ಬಹುತೇಕ ಜನರಲ್ಲಿ ಗುದನಾಳದ ಗೋಡೆಯ ಪುಟ್ಟ ಗ್ರಂಥಿಯೊಂದಕ್ಕೆ ಸೋಂಕು ತಗಲಿ, ಕೀವು ಚರ್ಮದವರೆಗೆ ದಾರಿ ಕೊರೆದಿರುತ್ತದೆ. ಒಳಬಾಯಿ ತೆರೆದಿರುವಷ್ಟು ದಿನವೂ ಮಲದ ಬ್ಯಾಕ್ಟೀರಿಯಾ ಒಳನುಗ್ಗುತ್ತಲೇ ಇರುತ್ತವೆ. ಅದಕ್ಕೇ ಆಪರೇಷನ್ ಟೇಬಲ್ ಮೇಲೆ ಮೊದಲು ಹುಡುಕುವುದು ಒಳಬಾಯಿಯನ್ನು. ಹೊರಗಿನ ತೂತಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹಾಯಿಸಿ ನೋಡುತ್ತಾ ಕೂರುತ್ತೇವೆ. ಒಳಗೆ ಎಲ್ಲಿ ಬಿಳಿ ನೊರೆ ಉಕ್ಕಿತೋ ಅದೇ ಬಾಯಿ. ಆಮೇಲೆ ಸಣ್ಣ ಬ್ರಷ್ ಎಳೆದು, ಗೋಡೆಗೆ ಅಂಟಿದ ಮೆತ್ತನೆಯ ಕೆಂಪು ಪದರವನ್ನು ಉಜ್ಜಿ ತೆಗೆಯಬೇಕು. ಕೀವು ಉಳಿದಿದ್ದರೆ ನಾನು ಪ್ಲಗ್ ಇಡುವುದೇ ಇಲ್ಲ. ಆ ದಾರಿಯೊಳಗಿಂದ ದಾರವೊಂದನ್ನು ಹಾಯಿಸಿ ಸಡಿಲವಾಗಿ ಕಟ್ಟಿ, ಕೆಲವು ವಾರ ಸೋರಿ ಒಣಗಲು ಬಿಡುತ್ತೇನೆ. ಬ್ರಷ್ ಮತ್ತು ದಾರದ ಈ ಕೆಲಸದ ಮೇಲೆ ನನಗಿರುವ ನಂಬಿಕೆ ಪ್ಲಗ್ಗಿನ ಮೇಲಿಲ್ಲ.

ಸೋಂಕುನಾಶಕ ಸೇರಿಸಿದರೆ ಈ ಕೊಳಕನ್ನು ಗೆಲ್ಲಬಹುದಲ್ಲ ಎಂಬುದು ಒಳ್ಳೆಯ ಯೋಚನೆಯೇ. ಜೆಂಟಾಮೈಸಿನ್ ಎಂಬ ಸೋಂಕುನಾಶಕ ತುಂಬಿದ, ಕರಗುವ ಕೊಲಾಜೆನ್ನನ್ನು ಒಳಬಾಯಿ ಮುಚ್ಚುವ ಶಸ್ತ್ರಚಿಕಿತ್ಸೆಯ ಜೊತೆ 83 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2006ರಲ್ಲಿ ಬಂತು. ಅದನ್ನಿಟ್ಟವರಿಗೂ ಇಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಔಷಧಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಹೊರಬಂದುಬಿಡುತ್ತದೆ, ಮಲ ಮಾತ್ರ ದಿನವೂ ಬರುತ್ತದೆ. ಪ್ರಮಾಣ ಹೆಚ್ಚಿಸೋಣವೆಂದರೆ, ಬೆಳ್ಳಿಯಂಥ ಸೋಂಕುನಾಶಕಗಳು ಬ್ಯಾಕ್ಟೀರಿಯಾದ ಜೊತೆಗೆ ಗಾಯ ಕೂಡಿಸುವ ಎಳೆಯ ಕೋಶಗಳನ್ನೂ ಘಾಸಿಮಾಡುತ್ತವೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ತಾನೇ ಬ್ಯಾಕ್ಟೀರಿಯಾ ತಡೆಯುತ್ತದೆ, ದೇಹದಲ್ಲಿ ಕರಗಲೂ ಬಲ್ಲದು. ಅದರ ಮೇಲೆ ನನಗೆ ಆಸೆಯಿದೆ. ಆದರೂ ಆ ಹೆಸರು ನೋಡಿ ಇಂದೇ ಹೆಚ್ಚು ದುಡ್ಡು ಕೊಡಿ ಎಂದು ನಿಮಗೆ ಹೇಳಲಾರೆ.

ಸಾದಾ ಪ್ಲಗ್ಗಿನ ಫಲವನ್ನೂ ಸರಿಯಾಗಿ ತಿಳಿದುಕೊಳ್ಳಿ. 2006ರ ಮೊದಮೊದಲ ವರದಿಯೊಂದರಲ್ಲಿ 15 ಜನರಲ್ಲಿ 13 ಮಂದಿಗೆ ದಾರಿ ಮುಚ್ಚಿತ್ತು. ಬ್ರಿಟನ್ನಿನಲ್ಲಿ 304 ರೋಗಿಗಳನ್ನು ಸೇರಿಸಿಕೊಂಡ ದೊಡ್ಡ ಪರೀಕ್ಷೆಯಲ್ಲಿ ವರ್ಷದ ಕೊನೆಗೆ ವಾಸಿಯಾದವರು ಪ್ಲಗ್ಗಿನಿಂದ 54%, ಬೇರೆ ವಿಧಾನಗಳಿಂದ 55%. ಹಾಗಿದ್ದೂ ನಿಮ್ಮ ತಂದೆಯವರಿಗೆ ಪ್ಲಗ್ ಬೇಡ ಎನ್ನುವುದಿಲ್ಲ. ಅದಕ್ಕೆ ಮಲ ಹಿಡಿದಿಡುವ ಸ್ನಾಯುವನ್ನು ಕೊಯ್ಯಬೇಕಿಲ್ಲ, ಸೋತರೂ ಬೇರೆ ಚಿಕಿತ್ಸೆಗಳಿಗೆ ಅವಕಾಶ ಇದ್ದೇ ಇರುತ್ತದೆ. 58ರ ವಯಸ್ಸಿನಲ್ಲಿ ಮಲದ ಹಿಡಿತ ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಎಂಆರ್‌ಐ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗದಿದ್ದರೆ ಮಾಡಿಸಿ, ಕವಲುದಾರಿಗಳು ಅದರಲ್ಲಿ ಕಾಣುತ್ತವೆ. ಕ್ಷಯ, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇಲ್ಲವೆಂದು ಖಚಿತವಾಗಿದೆಯೇ, ಅದನ್ನೂ ಕೇಳಿ. ಪ್ಲಗ್ ಇಟ್ಟ ಮೇಲೆ ಸ್ವಲ್ಪ ಸೋರಿದರೆ ಗಾಬರಿ ಬೇಡ. ಜ್ವರ ಬಂದು, ನೋವು ಏರುತ್ತಾ ಊದಿಕೊಂಡರೆ ಮಾತ್ರ ಬೆಳಗಾಗಲೆಂದು ಕಾಯದೆ ಕರೆದುಕೊಂಡು ಹೋಗಿ.